ಖಾಲಿ ಜಾಗವನ್ನು ನಂಬದ ಅಕ್ಕ

ಬೆಳಗಿನ ಆರು ಗಂಟೆ. ಕಸ ಗುಡಿಸುವವರೂ ಇನ್ನೂ ಬಾರದ ಕಚೇರಿಯ ಮೂರನೇ ಮಹಡಿಯಲ್ಲಿ ಆಕೆ ಡ್ರಿಪ್ ಪಂಪೊಂದನ್ನು ಮುಂದಿಟ್ಟುಕೊಂಡು ಕೂತಿದ್ದಾರೆ. ಹನಿ ಎಣಿಸಿ ರೋಗಿಯ ಮೈಗೆ ಔಷಧಿ ಬಿಡುವ ಯಂತ್ರವದು. ಅದರ ಹೊಸ ಪ್ರೋಗ್ರಾಂ ಹತ್ತು ಗಂಟೆಗೆ ಆಸ್ಪತ್ರೆಗಳಿಗೆ ಹೋಗಬೇಕು. ಸಾವಿರದ ಇನ್ನೂರು ಪರೀಕ್ಷೆಗಳೂ ಪಾಸಾಗಿ ಪರದೆಯೆಲ್ಲ ಹಸಿರು. ಆಕೆಯ ಮುಖ ಮಾತ್ರ ಗಂಟು.

"ಒಂದೂ ಫೇಲ್ ಆಗ್ಲಿಲ್ಲ ಅಂದ್ರೆ ನಂಗೆ ಸಮಾಧಾನ ಇರಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ನೋಡಿ."

ಜೊತೆಯವರು ಇಟ್ಟ ಹೆಸರು ಅನುಮಾನದಕ್ಕ. ಮನೆಯಲ್ಲೂ ಅಷ್ಟೇ, ತೊಳೆದಿಟ್ಟ ಲೋಟವನ್ನು ಮತ್ತೊಮ್ಮೆ ತೊಳೆದೇ ನೀರು ಕುಡಿಯುತ್ತಾಳೆಂದು ಗಂಡ ನಗುತ್ತಾರೆ. ಬೇರೆಯವರು ಬರೆದ ಕೋಡನ್ನು ಓದಿ ಒಪ್ಪಿಗೆ ಕೊಡುವುದು ಆಕೆಯ ಕೆಲಸ. ದಿನಕ್ಕೆ ನಾನೂರು ಸಾಲು, ಹತ್ತೊಂಬತ್ತು ವರ್ಷದಿಂದ. ಪಂಪಿನ ಕೋಡ್ ಬರೆದಿರುವ ಭಾಷೆಯಲ್ಲಿ ಪ್ರೋಗ್ರಾಂಗೆ ಸಿಗುವ ಮೆಮೊರಿ ಕಚ್ಚಾ ಜಾಗ, ಹಿಂದೆ ಬಳಸಿದವರ ಅಂಕಿಗಳು ಅಲ್ಲೇ ಬಿದ್ದಿರಬಹುದು. ಪಂಪಿನ ಒಂದು ಭಾಗ ಹನಿ ಎಣಿಸುತ್ತಿರುವಾಗಲೇ ಇನ್ನೊಂದು ಭಾಗ ಆ ಲೆಕ್ಕವನ್ನು ಓದುತ್ತದೆ. ಅರ್ಧಂಬರ್ಧ ಅಂಕಿ ಕಾಣದಿರಲೆಂದು ಅದನ್ನು ಅಟಾಮಿಕ್ ಆಗಿ, ಅಂದರೆ ಒಂದೇ ಏಟಿಗೆ ಬದಲಾಗುವಂತೆ, ಇಡುತ್ತಾರೆ.

"ಮೊದಲನೇ ಅಂಕಿನೇ ಸರಿಯಾಗಿ ಇಡದಿದ್ರೆ ಅಟಾಮಿಕ್ ಅನ್ನೋ ಹೆಸರು ಕಟ್ಕೊಂಡು ಏನ್ ಮಾಡೋದು?"

ಈ ಅನುಮಾನ ಹುಟ್ಟುಗುಣವೇನಲ್ಲ. ಕೋಡ್ ಬರೆಯುವ ಕೆಲಸಕ್ಕೆ ಸೇರಿದ ಎರಡನೇ ವರ್ಷ, ಮೊದಲ ಅಂಕಿ ಇಡದ ಇದೇ ತಪ್ಪನ್ನು ಆಕೆಯೇ ಮಾಡಿದ್ದರು. ವಾರ್ಡಿನಲ್ಲಿ ಪಂಪು ಅರ್ಧಕ್ಕೇ ನಿಂತಿತ್ತು. ನರ್ಸೊಬ್ಬರ ಕಣ್ಣಿಗೆ ಬಿದ್ದು ರೋಗಿ ಉಳಿದರು. "ನನ್ನ ಕೋಡ್ ನೋಡಿದ ಮೂರೂ ಜನ ಚೆನ್ನಾಗಿದೆ ಅಂದಿದ್ರು," ಎನ್ನುವಾಗ ಆಕೆಗೆ ಇಂದಿಗೂ ಸಿಟ್ಟು.

ಎಂಟಕ್ಕೆ ಮ್ಯಾನೇಜರ್ ಬರುತ್ತಾರೆ. ಹನಿ ಲೆಕ್ಕಕ್ಕೆ ಮೊದಲ ಅಂಕಿಯನ್ನೇ ಇಟ್ಟಿಲ್ಲವೆಂದು ಆಕೆ ತೋರಿಸುತ್ತಾರೆ. "ಮೇಡಂ, ಮೆಮೊರಿ ಯಾವಾಗ್ಲೂ ಸೊನ್ನೆನೇ ಬರುತ್ತೆ. ಒಪ್ಪಿಗೆ ಕೊಟ್ಬಿಡಿ."

"ಈಗಷ್ಟೇ ಆನ್ ಮಾಡಿದ ಮಿಷನ್ನಲ್ಲಿ ಬರುತ್ತೆ ಸಾರ್. ಎರಡನೇ ರೋಗಿಗೆ?"

ಆಕೆಯದೊಂದು ಪದ್ಧತಿಯಿದೆ: ಪರೀಕ್ಷೆಗೆ ಮುನ್ನ ಮೆಮೊರಿಗೆ ಬೇಕೆಂದೇ ಹಾಳುಮೂಳು ಅಂಕಿಗಳ ಕಸ ತುಂಬುವುದು. ತುಂಬಿ ಪಂಪು ಚಾಲೂ ಮಾಡುತ್ತಾರೆ. ಒಂದು ಹನಿಯೂ ಬೀಳುವ ಮೊದಲೇ ಔಷಧಿ ಪೂರ್ತಿ ಹೋಗಿದೆಯೆಂದು ಪರದೆ ಹೇಳುತ್ತದೆ.

ಆಕೆ ಒಂದೇ ಸಾಲು ಸೇರಿಸುತ್ತಾರೆ: ಜಾಗ ಸಿಕ್ಕಿದೊಡನೆ, ಬೇರೆ ಯಾವ ಭಾಗವೂ ಮುಟ್ಟುವ ಮೊದಲು, ಅಲ್ಲಿ ಸೊನ್ನೆ ಇಡು. ಮತ್ತೆ ಕಸ ತುಂಬಿ ನೋಡಿದರೆ ಹನಿ ನೆಟ್ಟಗೆ ಬೀಳುತ್ತಿದೆ. ಆದರೂ ಒಪ್ಪಿಗೆಯ ಗುಂಡಿ ಒತ್ತುವುದಿಲ್ಲ. ಎದ್ದು ಕುರ್ಚಿಯನ್ನು ಮ್ಯಾನೇಜರ್ ಕಡೆಗೆ ತಳ್ಳುತ್ತಾರೆ.

"ಇನ್ನೇನು ಮೇಡಂ? ನೀವೇ ಬರೆದಿದ್ದೀರಲ್ಲ!"

"ಅದಕ್ಕೇ ಸಾರ್. ನಂಗೆ ಹಾರ, ಶಾಲು ಬೇಡ. ನನ್ನ ಸಾಲನ್ನೂ ನಂಬದೆ ಓದೋರು ಒಬ್ರು ಸಿಕ್ಕಿದ್ರೆ ಸಾಕು."