ಕಪ್ಪಾಗದ ಎಣ್ಣೆ

ಬಸ್ ಡಿಪೋದ ವರ್ಕ್‌ಶಾಪಿನ ಮುಖ್ಯಸ್ಥರನ್ನು ಬೆನ್ನ ಹಿಂದೆ ಎಲ್ಲರೂ ಫಳಫಳ ಸಾಹೇಬರು ಎನ್ನುತ್ತಿದ್ದರು. ಅವರ ಮೇಜಿನ ಗಾಜಿನಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಬಹುದಿತ್ತು. ಅವರು ತಿದ್ದುತ್ತಲೂ ಇದ್ದರು. ಬಸ್ಸು ಹೊರಡುವುದು ತಡವಾದರೆ ಅಡ್ಡಿಯಿಲ್ಲ, ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳ ಸಾಲು ಮಾತ್ರ ಸೊಟ್ಟಗಾಗಕೂಡದು ಎಂಬುದು ಅವರ ಆಡಳಿತದ ತಿರುಳು.

ಇಂಥವರ ಕಣ್ಣು ಒಮ್ಮೆ ಎಂಜಿನ್ ಎಣ್ಣೆಯ ಮೇಲೆ ಬಿತ್ತು. ಸುರಿದಾಗ ಜೇನಿನಂತಿದ್ದದ್ದು ವಾರ ಕಳೆಯುವಷ್ಟರಲ್ಲಿ ಕಾಡಿಗೆಯಾಗುತ್ತಿತ್ತು. ಕಳಪೆ ಮಾಲು ಎಂದು ಸಾಹೇಬರು ತೀರ್ಪು ಕೊಟ್ಟು, ಬೇರೆ ಎಣ್ಣೆ ತರಿಸಲು ಹೊರಟರು.

ಡಿಪೋದಲ್ಲಿ ಎಣ್ಣೆ ಪರೀಕ್ಷಿಸುತ್ತಿದ್ದವಳು ಅವರ ಹೆಂಡತಿಯ ತಂಗಿ. ಓದಿದವಳು, ಅದನ್ನು ಯಾರೂ ಮರೆಯದಂತೆ ನೋಡಿಕೊಳ್ಳುವವಳು. ಕರೆಯದಿದ್ದರೂ ಬಂದಳು.

"ಭಾವ, ಡೀಸೆಲ್ ಉರಿದ್ರೆ ಮಸಿ ಆಗೇ ಆಗುತ್ತೆ. ಎಣ್ಣೆ ಕಪ್ಪಾಯ್ತು ಅಂದ್ರೆ ಆ ಮಸೀನ ಬಿಡಿಬಿಡಿಯಾಗಿ ತೇಲಿಸ್ತಿದೆ ಅಂತ ಅರ್ಥ. ಕಣಗಳು ಒಂದಕ್ಕೊಂದು ಅಂಟದಿರೋಕೆ ಅಂತ್ಲೇ ಅದರಲ್ಲಿ ರಾಸಾಯನಿಕ ಬೆರೆಸಿರ್ತಾರೆ. ಅದು ತನ್ನ ಕೆಲಸ ಮಾಡ್ತಿದೆ."

ಕೊಳಕಾಗುವುದೂ ಒಂದು ಕೆಲಸ ಎಂಬ ಸಿದ್ಧಾಂತ ನಿಮ್ಮ ಮನೆಯಲ್ಲೇ ಹುಟ್ಟಿರಬೇಕು ಎಂದು ಭಾವ ಅವಳನ್ನು ಬೀಳ್ಕೊಟ್ಟರು.

ಹೊಸ ಎಣ್ಣೆ ಬಂತು. ಅಷ್ಟು ಬೇಗ ಕಪ್ಪಾಗುವುದಿಲ್ಲ ಎಂದಿದ್ದ ವ್ಯಾಪಾರಿ. ಆ ಮಟ್ಟಿಗೆ ಅವನು ಸತ್ಯವಂತ. ಸಾಹೇಬರು ಎಂಜಿನ್ನಿನಿಂದ ಎಣ್ಣೆಯ ಅಳತೆಕಡ್ಡಿ ಎತ್ತಿ ಎತ್ತಿ ಕಂಡಕಂಡವರಿಗೆ ತೋರಿಸಿದರು. ಮೇಲಧಿಕಾರಿಗಳು ಬಂದು ಚಪ್ಪಾಳೆ ತಟ್ಟಿ ಹೋದರು. ಹಾಗಾದರೆ ಮಸಿ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಚಪ್ಪಾಳೆಯ ನಡುವೆ ಅಂಥ ಪ್ರಶ್ನೆ ಕೇಳುವುದು ಸಭ್ಯತೆಯಲ್ಲ.

ಮಸಿ ಎಲ್ಲಿಗೂ ಹೋಗಿರಲಿಲ್ಲ. ಹೊಸ ಎಣ್ಣೆಯಲ್ಲಿ ತಡೆಯುವವರಿಲ್ಲದೆ ಕಣಕ್ಕೆ ಕಣ ಅಂಟಿ, ಗಂಟುಗಟ್ಟಿ, ಎಂಜಿನ್ನಿನ ತಳದಲ್ಲಿ ಬಿಡಾರ ಹೂಡಿತ್ತು.

ಕೆಲವು ತಿಂಗಳ ಬಳಿಕ ಪಕ್ಕದ ಪಟ್ಟಣದ ಅಧಿಕಾರಿಗಳು ಈ ಪವಾಡ ನೋಡಲು ಬಂದಾಗ ಸಾಹೇಬರು ಅವರನ್ನು ಬಸ್ಸಿನಲ್ಲಿ ಕೂರಿಸಿ ಗುಡ್ಡದ ರಸ್ತೆಗೆ ಕರೆದೊಯ್ದರು. ಶುಚಿತ್ವದ ಬಗ್ಗೆ ಅವರ ಭಾಷಣ ರಂಗೇರುತ್ತಿದ್ದಾಗಲೇ ಎಂಜಿನ್ ಒಮ್ಮೆ ಕಿರುಚಿ ಕಚ್ಚಿಕೊಂಡು ನಿಂತಿತು. ಮುದಿ ಚಾಲಕ ನಿಧಾನವಾಗಿ ತಿರುಗಿದ.

"ಎಣ್ಣೆ ಹರೀತಿಲ್ಲ ಅಂತ ಹೇಳೋ ಕೆಂಪು ದೀಪ ಆಗಿಂದ ಉರೀತಿತ್ತು. ನೀವು ಮಾತಾಡ್ತಿದ್ರಿ, ಮಧ್ಯೆ ಬಾಯಿ ಹಾಕೋದು ಬೇಡ ಅಂತ ಸುಮ್ನಿದ್ದೆ."

ಅತಿಥಿಗಳು ಗುಡ್ಡ ಇಳಿದು ನಡೆದೇ ಹೋದರು. ಬಸ್ಸನ್ನು ಎಳೆಸಿ ತಂದು ಎಂಜಿನ್ನಿನ ತಳ ಬಿಚ್ಚಿದಾಗ ಡಾಂಬರಿನಂಥ ರಾಡಿ ಕಂಡಿತು. ಎಣ್ಣೆ ಹೀರುವ ಕೊಳವೆಯ ಬಾಯಿ ಪೂರ್ತಿ ಮುಚ್ಚಿಹೋಗಿತ್ತು. ಸಾಹೇಬರು ಅಂಗಿಯ ತೋಳು ಮಡಿಸಿ ತಾವೇ ಕೈ ಹಾಕಿ ಒಂದು ಮುದ್ದೆ ತೆಗೆದುಕೊಂಡು, ಮೊಣಕೈತನಕ ಮಸಿಯಾಗಿಯೇ ನಾದಿನಿಯ ಮುಂದೆ ಹೋಗಿ ನಿಂತರು.

ಭಾವನ ಮುಖ ನೋಡಿ ಅವಳು ಕನಿಕರದಿಂದ ಸುಮ್ಮನಿದ್ದಳು ಎಂದರೆ ಸುಳ್ಳಾದೀತು. ತಿಂಗಳುಗಟ್ಟಲೆ ಬಾಯಿಪಾಠ ಮಾಡಿಟ್ಟ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ಆ ರಾಸಾಯನಿಕದ ಅಣುವಿನ ತಲೆ ಮಸಿಯ ಕಣವನ್ನು ಹಿಡಿಯುತ್ತದೆ, ಬಾಲ ಎಣ್ಣೆಯಲ್ಲಿ ಹರಡಿಕೊಂಡು ಮತ್ತೊಂದು ಕಣ ಹತ್ತಿರ ಬಾರದಂತೆ ತಡೆಯುತ್ತದೆ. ಅದೂ ಸವೆಯುತ್ತದೆ, ಆಗ ಎಣ್ಣೆ ಬದಲಿಸಬೇಕು ಎಂದಳು. ಭಾವ ಕೊನೆಯವರೆಗೂ ಕೇಳಿದರು. ಮದುವೆಯಾದಾಗಿನಿಂದ ಆ ಮನೆತನದವರ ಮಾತನ್ನು ಅವರು ಪೂರ್ತಿ ಕೇಳಿದ್ದು ಅದೇ ಮೊದಲು. ಹಳೆಯ ಎಣ್ಣೆಯನ್ನೇ ತರಿಸಿ, ಉಳಿದ ಬಸ್ಸುಗಳನ್ನು ಒಂದೊಂದಾಗಿ ಬಿಚ್ಚಿಸಿ, ತಾವೇ ನಿಂತು ತೊಳೆಸಿದರು.

ಆಮೇಲೆ ತನಿಖೆ ನಡೆಯಿತು. ಚಪ್ಪಾಳೆ ತಟ್ಟಿದವರೇ ತನಿಖೆಗೆ ಕೂತಿದ್ದರಿಂದ, ತಪ್ಪು ಗುಡ್ಡದ ಏರಿನದೆಂದು ಬೇಗನೆ ಪತ್ತೆಯಾಯಿತು. ಸಾಹೇಬರು ಎದ್ದು ನಿಂತರು.

"ತಪ್ಪು ಗುಡ್ಡದ್ದಲ್ಲ. ನನ್ನದು."

ನಿಮಗೆ ಆಯಾಸವಾಗಿದೆ, ಕುಳಿತುಕೊಳ್ಳಿ ಎಂದು ಮೇಲಧಿಕಾರಿಗಳು ಸಮಾಧಾನ ಹೇಳಿದರು. ಸಾಹೇಬರು ಕೂರಲಿಲ್ಲ. ನಾದಿನಿ ಹೇಳಿಕೊಟ್ಟಿದ್ದನ್ನೆಲ್ಲ ತಲೆ, ಬಾಲ ಸಮೇತ ಅವರಿಗೂ ಒಪ್ಪಿಸತೊಡಗಿದರು.