ವರ್ನಾಳ ಒಂದು ಬೆರಳು
ಒಳನಾಡಿನ ಮರಳುಗಾಡಿನಲ್ಲಿ ಮಳೆ ಬಿತ್ತೆಂಬ ಸುದ್ದಿ ಕಿವಿಗೆ ಬಿದ್ದರೆ ನಮ್ಮ ವರ್ನಾಳನ್ನು ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗದು. ಎಪ್ಪತ್ತನಾಲ್ಕರ ಈ ಮುದುಕಿ ನೀರಿನ ಡಬ್ಬ, ದುರ್ಬೀನು, ಮಸಿ ಹಿಡಿದ ಚಹಾ ಪಾತ್ರೆಗಳನ್ನು ಜೀಪಿಗೆ ಎಸೆದು, ದಾರಿಗಡ್ಡವಾಗಿರುವ ದನದ ಬೇಲಿಗಳ ಗೇಟುಗಳನ್ನು ತೆಗೆಯಲೆಂದು ಪಕ್ಕದ ಮನೆಯ ನನ್ನನ್ನೂ ಕೂರಿಸಿಕೊಂಡು ಕೆಂಪು ಮಣ್ಣಿನ ಹಾದಿ ಹಿಡಿಯುತ್ತಾಳೆ. ಆ ಮಳೆಗೆ ಅರಳಿದ ಕಪ್ಪು ಕಣ್ಣಿನ ಕೆಂಪು ಹೂ ಕಂಡರೆ ಬ್ರೇಕು, ಗುಲಾಬಿ ಎದೆಯ ಗಿಳಿಗಳ ಹಿಂಡು ಕಂಡರೆ ಬ್ರೇಕು, ನನ್ನ ಹಣೆ ಗಾಜಿಗೆ ಬಡಿದರೆ, "ಹಣೆ ನಾಳೆಯೂ ಇರತ್ತೆ ಕಣೋ, ಹೂ ಇರಲ್ಲ!" ಎಂದು ನನಗೇ ಬೈಗುಳ. ರಸ್ತೆಯಲ್ಲಿ ಕಾಂಗರೂ ಸತ್ತು ಬಿದ್ದಿದ್ದರೆ, ಅದನ್ನು ತಿನ್ನಲು ಇಳಿಯುವ ಹದ್ದು ಲಾರಿಗೆ ಸಿಕ್ಕೀತೆಂದು ಕಾಂಗರೂವಿನ ಬಾಲ ಹಿಡಿದು ಬದಿಗೆಳೆಯುತ್ತಾಳೆ, ಆಮೇಲೆ ಅದೇ ಕೈಯಲ್ಲಿ ನನಗೆ ಬ್ರೆಡ್ಡು ಕೊಡುತ್ತಾಳೆ. ಎದುರಿಗೆ ವಾಹನ ಬಂದರೆ ಸ್ಟೀರಿಂಗಿನ ಮೇಲಿಂದ ತೋರುಬೆರಳೊಂದನ್ನು ಎತ್ತಿ ನಮಸ್ಕಾರ ಹೇಳುವುದು ಇಲ್ಲಿ ಎಲ್ಲರಿಗೂ ರೂಢಿ. ವರ್ನಾಳ ಬೆರಳು ಮಾತ್ರ ಎಮುವಿಗೂ ಏಳುತ್ತದೆ, ಗಾಳಿಯಂತ್ರಕ್ಕೂ ಏಳುತ್ತದೆ, ಮೊನ್ನೆ ಕಲ್ಲು ಸಿಡಿಸಿ ನಮ್ಮ ಗಾಜು ಬಿರುಕು ಬಿಡಿಸಿ ಹೋದ ಲಾರಿಯವನಿಗೂ ಎದ್ದಿತು. "ಅವನಿಗೂ ನಮಸ್ಕಾರ ಬೇರೆ ಕೇಡು!" ಎಂದು ರೇಗಿದೆ. ಅವಳು ಬೆರಳಿಳಿಸದೆ ಹೇಳಿದಳು: "ಇಪ್ಪತ್ತು ವರ್ಷದ ಹಿಂದೆ ಇದೇ ದಾರೀಲಿ ಗಾಡಿ ಕೆಟ್ಟು, ನೀರು ಮುಗಿದು, ಎಚ್ಚರ ತಪ್ಪಿ ಬಿದ್ದಿದ್ದೆ. ಯಾರೋ ಎತ್ಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದ್ರು. ನಾನು ಕಣ್ಣು ಬಿಡೋ ಹೊತ್ತಿಗೆ ಹೆಸರೂ ಹೇಳ್ದೆ ಹೊರಟುಹೋಗಿದ್ರು. ಇವನೇ ಅವನಲ್ಲ ಅಂತ ನಿಂಗೆ ಗ್ಯಾರಂಟಿ ಇದೆಯೇನೋ?"