ಕನ್ನಡಿ ಮಾಮನ ಎಡ-ಬಲ

ನಮ್ಮ ಬೀದಿಯ ಸಲೂನಿನವರಿಗೆ ಕನ್ನಡಿ ಮಾಮ ಅಂತ ಹೆಸರು ಬಿದ್ದದ್ದಕ್ಕೆ ಕಾರಣ ಇಷ್ಟೇ: ಅವರು ಮಾತಾಡುತ್ತಿದ್ದುದು ಕನ್ನಡದಲ್ಲಲ್ಲ, ಕನ್ನಡಿಯಲ್ಲಿ. ಗಿರಾಕಿಯ ಹಿಂದೆ ನಿಂತು, ಎದುರಿನ ಗಾಜಿನಲ್ಲಿದ್ದ ಮುಖವನ್ನೇ ಯೋಗಕ್ಷೇಮ ವಿಚಾರಿಸುವರು. ಕುರ್ಚಿಯಲ್ಲಿ ಕೂತ ಅಸಲಿ ಆಸಾಮಿ ಅವರ ಪಾಲಿಗೆ ಒಂದು ಹಿಂದಲೆ, ಎರಡು ಕಿವಿ. "ಬಲಗಡೆ ಇನ್ನೂ ಸ್ವಲ್ಪ ತೆಗೀಲಾ?" ಅಂದರೆ ಗಾಜಿನಲ್ಲಿ ಬಲಕ್ಕೆ ಕಂಡದ್ದು. ಬಲಕ್ಕೆ ಕಂಡದ್ದು ಬಲ, ಎಡಕ್ಕೆ ಕಂಡದ್ದು ಎಡ. ಕನ್ನಡಿ ಈ ಒಂದು ವಿಷಯದಲ್ಲಿ ಅವರಿಗೆ ಯಾವತ್ತೂ ಸುಳ್ಳು ಹೇಳಿರಲಿಲ್ಲ.

"ಮದುವೆ ಫೋಟೊದಲ್ಲೂ ಇವರು ನನ್ನ ಕಡೆ ನೋಡ್ತಿಲ್ಲ," ಅಂತ ಅವರ ಹೆಂಡತಿ ದೂರುತ್ತಿದ್ದರು. ಮಾಮನ ಹೆಂಡತಿಯಾದ್ದರಿಂದ ಬೀದಿಗೆಲ್ಲ ಅವರು ಅತ್ತೆ. "ಪಕ್ಕದಲ್ಲಿ ಕನ್ನಡಿ ಬಾಗಿಲಿನ ಬೀರು ಇತ್ತು. ಅದರೊಳಗೆ ಇದ್ದೋಳನ್ನ ಮದುವೆಯಾಗಿದಾರೆ. ಅಡುಗೆ ಮಾತ್ರ ನಂದು."

ಆಮೇಲೆ ರೋಗ ಬಂತು. ಅಂಗಡಿಗಳೆಲ್ಲ ಮುಚ್ಚಿದವು, ಮಾಮನ ಆದಾಯಕ್ಕೆ ಕತ್ತರಿ ಬಿತ್ತು. ಕೂದಲಿಗೆ ಮಾತ್ರ ಸರ್ಕಾರದ ಆದೇಶ ತಲುಪಲಿಲ್ಲ, ಅದು ಬೆಳೆಯುತ್ತಲೇ ಇತ್ತು. ಹಾಗಾಗಿ ಮಾಮ ಕತ್ತರಿ, ಬಾಚಣಿಗೆ, ಒಂದು ಕೈಗನ್ನಡಿಯನ್ನು ಚೀಲಕ್ಕೆ ಹಾಕಿಕೊಂಡು, ಬಾಯಿ-ಮೂಗು ಮುಚ್ಚಿಕೊಂಡು, ಕರೆದವರ ಮನೆಗೇ ಹೋಗತೊಡಗಿದರು.

ಒಂದು ಬೆಳಿಗ್ಗೆ ಕರೆದವರು ಹಳೆಯ ಗಿರಾಕಿ, ನಿವೃತ್ತ ಮೇಷ್ಟ್ರು. ಅವರ ಮನೆ ಇರುವುದು ಒಂದೇ ದಿಕ್ಕಿಗೆ ಗಾಡಿ ಬಿಡುವ ರಸ್ತೆಯಲ್ಲಿ. ಎದುರು ಬದಿಯಿಂದ ಆ ಮನೆಯ ಕಡೆಗೆ ದಾಟಲು ನಿಂತವರಿಗೆ ಗಾಡಿ ಬರುವುದಾದರೆ ಬಲಗಡೆಯಿಂದಲೇ ಬರಬೇಕು. ಮೇಷ್ಟ್ರು ಕಿಟಕಿಯಲ್ಲಿ ನಿಂತು ಕೈ ಬೀಸುತ್ತಿದ್ದರು. ಮಾಮ ಬಲಕ್ಕೆ ನೋಡಿದರು, ಒಂದು ನರಪಿಳ್ಳೆಯೂ ಇರಲಿಲ್ಲ. ರಸ್ತೆಗೆ ಇಳಿದರು. ರಸ್ತೆ ಖಾಲಿ ಇದೆ, ಕೇಳೋರು ಯಾರು ಅಂದುಕೊಂಡ ಒಬ್ಬ ಪುಣ್ಯಾತ್ಮ ಕಾರನ್ನು ಉಲ್ಟಾ ದಿಕ್ಕಿನಲ್ಲಿ, ಎಡಗಡೆಯಿಂದ ತಂದ. ಇಡೀ ಊರು ಮನೆಯಲ್ಲಿ ಕೂತಿದ್ದಾಗ ಹೊರಗಿದ್ದದ್ದು ಒಂದು ಕಾರು, ಒಬ್ಬ ಮನುಷ್ಯ. ಅವೆರಡೇ ಡಿಕ್ಕಿ ಹೊಡೆಯಬೇಕೇ!

ಜೀವ ಉಳಿಯಿತು. ಬಲಗೈ ಮಾತ್ರ ಚಕ್ರದಡಿ ಸಿಕ್ಕಿ ಹೆಬ್ಬೆರಳು ಜಜ್ಜಿಹೋಯಿತು. ಸಹಿ ಹಾಕಬಲ್ಲ ಮಾಮ ಹೆಬ್ಬೆರಳಿನ ಬಲ ಕಳೆದುಕೊಂಡು ಹೆಬ್ಬೆಟ್ಟಾದರು. ಇನ್ನು ಕತ್ತರಿಯ ಉಂಗುರದೊಳಗೆ ಆಡುವುದು ಅದೇ ಬೆರಳು ತಾನೇ?

"ಇನ್ನೊಂದು ಆಪರೇಷನ್ ಮಾಡಿದರೆ ಬೆರಳು ಮಡಚುತ್ತೆ. ಆದರೆ ವರ್ಷದೊಳಗೆ ಆಗ್ಬೇಕು. ಆಮೇಲೆ ಅದು ಕಟ್ಟಿಗೆ," ಅಂದರು ಡಾಕ್ಟರು.

ಊರಿಗೆ ಊರೇ ಕೈ ತೊಳೆದುಕೊಳ್ಳುತ್ತಿದ್ದ ಕಾಲ ಅದು. ಮಾಮನ ವಿಷಯದಲ್ಲಿ ಎಲ್ಲರೂ ಸೋಪಿಲ್ಲದೆಯೇ ತೊಳೆದುಕೊಂಡರು. ಆಸ್ಪತ್ರೆಯವರು ಹಾಸಿಗೆಗಳೆಲ್ಲ ರೋಗದವರಿಗೆ ಅಂದರು. ಪೊಲೀಸರು ಹತ್ತಿರ ಬರಲು ಹೆದರಿ ಫೋನಿನಲ್ಲೇ ದೂರು ಬರೆದುಕೊಂಡು, ಕಾರು ಯಾವ ದಿಕ್ಕಿನಿಂದ ಬಂತು ಅನ್ನುವುದನ್ನೇ ಬಿಟ್ಟರು. ಕಾರಿನವನು, ನಾನು ಸರಿಯಾದ ದಿಕ್ಕಿನಲ್ಲೇ ಬರುತ್ತಿದ್ದೆ, ಈತನೇ ಅಡ್ಡ ಬಂದ ಅಂತ ಬರೆದುಕೊಟ್ಟ. ನೋಡಿದ್ದ ಒಬ್ಬರೇ ಒಬ್ಬ ಸಾಕ್ಷಿ ಮೇಷ್ಟ್ರು. ಅವರನ್ನು ರೋಗ ಕರೆದುಕೊಂಡು ಹೋಯಿತು, ಕಟಿಂಗ್ ಆಗದ ತಲೆಯಲ್ಲೇ.

ಉಳಿದದ್ದು ಪರಿಹಾರದ ಕೇಸು. ಪರಿಹಾರ ಬಂದರೆ ಆಪರೇಷನ್, ಆಪರೇಷನ್ ಆದರೆ ಕತ್ತರಿ. ಆದರೆ ಕೋರ್ಟೂ ಬಾಗಿಲು ಹಾಕಿತ್ತು. ಮಾಮ ಹಿಡಿದ ವಕೀಲರಿಂದ ಬರುತ್ತಿದ್ದದ್ದು ವಾಯಿದೆ ಮೇಲೆ ವಾಯಿದೆ, ಫೀಸಿನ ಮೇಲೆ ಫೀಸು.

"ನೀವು ಬರೀ ಕೂದಲು ತೆಗೀತಿದ್ರಿ," ಅತ್ತೆ ರೇಗಿದರು. "ತಲೆ ಬೋಳಿಸೋದು ಹೇಗೆ ಅಂತ ಆ ವಕೀಲರ ಹತ್ರ ಕಲೀರಿ."

"ಕಲಿತು ಏನೇ ಮಾಡ್ಲಿ? ಕೈ ಬೇಕಲ್ಲ."

ಡಾಕ್ಟರು ಕೊಟ್ಟ ವರ್ಷ ಮುಗಿಯುತ್ತಾ ಬಂದಾಗ ಅಂತೂ ವಿಚಾರಣೆ ಬಂತು, ವಿಡಿಯೊದಲ್ಲಿ. ವಕೀಲರ ಆಫೀಸಿನಲ್ಲಿ, ಫೈಲುಗಳ ನಡುವೆ ಜಾಗ ಮಾಡಿ ಮಾಮನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಅತ್ತೆ ಪರದೆಗೆ ಕಾಣದ ಹಾಗೆ ಮೂಲೆಯ ಸ್ಟೂಲಿನಲ್ಲಿ.

"ಯಜಮಾನ್ರೇ, ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಬೇಡ," ಅಂದರು ವಕೀಲರು. "ಇರೋದು ಒಂದೇ ಪ್ರಶ್ನೆ. ಕಾರು ಯಾವ ಕಡೆಯಿಂದ ಬಂತು? ಎಡಗಡೆಯಿಂದ. ಅಷ್ಟು ಹೇಳಿ ಸುಮ್ಮನಾಗಿ."

"ಎಡಗಡೆ," ಮಾಮ ಜಪ ಮಾಡಿದರು. "ಎಡಗಡೆ, ಎಡಗಡೆ."

ಕಾರಿನ ವಿಮಾ ಕಂಪನಿಯ ವಕೀಲರು ನಯವಾದ ಮನುಷ್ಯ. "ಅಂಗಡಿ ಮುಚ್ಚಿತ್ತಲ್ವಾ? ಮುಚ್ಚಿದ ಅಂಗಡಿಯವರಿಗೆ ಕೈ ಹೋದ್ರೆ ನಷ್ಟ ಏನು?" ಅಂತ ಶುರು ಮಾಡಿದರು.

"ಅಂಗಡಿ ಮತ್ತೆ ತೆಗೀಬಹುದು ಸಾರ್. ಕೈಗೆ ಶಟರ್ ಇಲ್ಲ."

ಜಡ್ಜು ಸಾಹೇಬರೂ ನಕ್ಕರು. ಇತ್ತ ನಮ್ಮ ವಕೀಲರು ಹೆಬ್ಬೆರಳು ಎತ್ತಿ ಶಹಬ್ಬಾಸ್ ಅಂದರು; ಮಾಮ ಆ ಬೆರಳನ್ನು ಆಸೆಯಿಂದ ನೋಡಿದರು.

"ಸರಿ. ರಸ್ತೆಗೆ ಮುಖ ಮಾಡಿ ನಿಂತಿದ್ರಿ. ಕಾರು ಯಾವ ಕಡೆಯಿಂದ ಬಂತು? ಕೈ ತೋರಿಸಿ ಹೇಳಿ."

ಮಾಮ ಎಡಗೈಯನ್ನು ಎಡಕ್ಕೇ ಚಾಚಿದರು. ಆದರೆ ಆ ಹಾಳು ಪರದೆ ಕನ್ನಡಿಯ ಹಾಗೆ ತೋರಿಸುತ್ತಿರಲಿಲ್ಲ, ಎದುರು ನಿಂತವರಿಗೆ ಕಾಣುವ ಹಾಗೆ ತೋರಿಸುತ್ತಿತ್ತು. ಅದರೊಳಗಿನ ಮಾಮ ಕೈಯನ್ನು ಬಲಕ್ಕೆ ಚಾಚಿದ. ಮಾಮ ಗಾಬರಿಯಾದರು. ಕೈ ತಪ್ಪಬಹುದು, ಗಾಜು ತಪ್ಪುವುದುಂಟೇ?

"ಬಲ," ಅಂದರು. "ಬಲಗಡೆಯಿಂದ ಸ್ವಾಮಿ."

"ಅಯ್ಯೋ ರೀ! ಎಡ! ಎಡ ಅನ್ರೀ!" ಮೂಲೆಯಿಂದ ಅತ್ತೆ ಚೀರಿದರು.

"ಯಾರದು ಪಕ್ಕದಲ್ಲಿ?" ಜಡ್ಜು ಸಾಹೇಬರ ಮುಖದ ನಗು ಆರಿತು. "ಸಾಕ್ಷಿಗೆ ಹೇಳಿಕೊಡ್ತಿದೀರಾ?"

"ಎಡ ಸ್ವಾಮಿ, ಎಡವೇ. ಇದರಲ್ಲಿ ಬಲ ಅಂತ ಕಾಣ್ತಿದೆ, ಆದರೆ..."

"ಹೇಳಿಕೊಟ್ಟ ಮೇಲೆ ಎಡವಾಯಿತು. ದಯವಿಟ್ಟು ದಾಖಲಾಗಲಿ," ಅಂದರು ಕಂಪನಿಯ ವಕೀಲರು, ಅಷ್ಟೇ ನಯವಾಗಿ.

ಎಡವಟ್ಟು ಅನ್ನುವ ಮಾತಿನಲ್ಲಿ ಎಡ ಯಾಕಿದೆ ಅಂತ ನನಗೆ ತಿಳಿದದ್ದು ಆವತ್ತು. ಕಾರು ಬಲಗಡೆಯಿಂದ ಬಂದಿದ್ದರೆ ಅದು ಸರಿಯಾದ ದಿಕ್ಕು. ಅಡ್ಡ ಹೋದ ತಪ್ಪು ಮಾಮನದು. ತೀರ್ಪಿನಲ್ಲೂ ಹಾಗೇ ಬಂತು. ಅರ್ಜಿ ವಜಾ.

"ಮೇಲ್ಮನವಿ ಹಾಕೋಣ," ಅಂದರು ವಕೀಲರು.

"ಎಷ್ಟು ದಿನ ಆಗುತ್ತೆ ಸಾರ್?"

ವಕೀಲರು ಇನ್ನೊಬ್ಬರ ಫೈಲು ಬಿಚ್ಚಿದರು. ಅಷ್ಟರಲ್ಲಾಗಲೇ ಬೆರಳು ಕಟ್ಟಿಗೆಯಾಗಿತ್ತು.

ಅಂಗಡಿಗಳು ತೆರೆದವು. ಮಾಮನ ಸಲೂನನ್ನು ಬೇರೆಯವರೊಬ್ಬರು ಬಾಡಿಗೆಗೆ ಹಿಡಿದರು, ಕುರ್ಚಿ-ಕನ್ನಡಿಗಳ ಸಮೇತ. ಮಾಮನೂ ಒಂಥರಾ ಸಮೇತವೇ. ಎಡಗೈಲಿ ಪೊರಕೆ ಹಿಡಿದು, ಇನ್ನೊಬ್ಬರು ಕತ್ತರಿಸಿ ಕೆಡವಿದ ಕೂದಲು ಗುಡಿಸುತ್ತಾರೆ. ಬಗ್ಗಿ ಗುಡಿಸುವವರಿಗೆ ಕನ್ನಡಿ ಕಾಣುವುದಿಲ್ಲ, ಅದೊಂದು ಅನುಕೂಲ.

ಮೊನ್ನೆ ನಾನು ಕಟಿಂಗಿಗೆ ಕೂತಿದ್ದೆ. "ಎಡಗಡೆ ಇನ್ನೂ ಸ್ವಲ್ಪ," ಅಂದೆ. ಕತ್ತರಿಯವರು ಮುಂದುವರಿಯುವ ಮೊದಲೇ ಮಾಮ ಪೊರಕೆಯನ್ನು ಗೋಡೆಗೆ ಒರಗಿಸಿ ಬಂದರು. ಕನ್ನಡಿಗೆ ಬೆನ್ನು ಹಾಕಿ, ನನ್ನ ಮುಂದೆಯೇ ನಿಂತರು. ಇಷ್ಟು ವರ್ಷಗಳಲ್ಲಿ ಅವರು ನನ್ನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಆ ಮಡಚದ ಬೆರಳಿನಿಂದ ನನ್ನ ಕಿವಿ ಮುಟ್ಟಿ, ಪಿಸುಮಾತಿನಲ್ಲಿ ಕೇಳಿದರು:

"ಇದು ಎಡ ತಾನೇ?"

ಹೌದು ಅಂದೆ. ನಂಬಿದ ಹಾಗೆ ಕಾಣಲಿಲ್ಲ.